‘ನೋ ಗ್ಯಾರಂಟಿ’ ಅಂತ ಬರದ್ರ ಹೊಣಿ ಹೋಗೂದಿಲ್ರಿ

ಹಳೇ ಆಟದ ಸಾಮಾನು ಮಾರೂ ನಮ್ಮ ಹೆಣ್ಮಕ್ಕಳ ವಾಟ್ಸಾಪ್ ಮೆಸೇಜು ನೀವೂ ನೋಡೀರಿ. ಮ್ಯಾಲ ನಾಕು ಫೋಟೋ, ಕೆಳಗ ರೇಟು, ಅದರ ಬಾಜೂಕ ಕೈ ಮುಗಿಯೂ ಚಿತ್ರ, ಕಡೀಕ ಒಂದು ಸಾಲು: ‘ನೋ ರಿಟರ್ನ್, ನೋ ಗ್ಯಾರಂಟಿ, ಮುಂದ ಏನಾದ್ರೂ ಆದ್ರ ನಾವು ಜವಾಬ್ದಾರರಲ್ಲ.’ ಒಬ್ಬಾಕಿ ಬರದದ್ದನ್ನ ಇನ್ನೊಬ್ಬಾಕಿ ಕಾಪಿ ಮಾಡಿ, ಆಕಿದನ್ನ ಮತ್ತೊಬ್ಬಾಕಿ ಕಾಪಿ ಮಾಡಿ, ಈಗ ನಮ್ಮ ಕಡೆ ಆ ಸಾಲು ಇಲ್ಲದ ಆಟಿಕಿ ಮಾರಾಟನ ಇಲ್ಲ. ಆ ಸಾಲಿನ ಮ್ಯಾಲ ನನಗ ಭಾಳ ಸಿಟ್ಟೈತಿ. ಅದು ಸುಳ್ಳು. ಆ ಸುಳ್ಳು ನಂಬಕೊಂಡು ಕುಂತದ್ದಕ್ಕ ನಮ್ಮೊಳಗ ಯಾರೂ ವಿಮಾದ ಮಾತು ಎತ್ತವಲ್ರು.

ವಿಮಾ ಅಂದಕೂಡಲೆ ‘ನಮಗ್ಯಾಕ ಬೇಕ್ರಿ, ನಾವೇನು ಫ್ಯಾಕ್ಟರಿ ಇಟ್ಟೀವೇನು’ ಅಂತೀರಿ. ತಡೀರಿ. ಮನ್ಯಾಗ ಸ್ಕೂಟಿ ಐತಲ್ಲ, ಅದಕ್ಕ ಥರ್ಡ್ ಪಾರ್ಟಿ ವಿಮಾ ತುಂಬತೀರಿಲ್ಲ? ಅದು ನಿಮ್ಮ ಸ್ಕೂಟಿ ಕೆಟ್ರ ರಿಪೇರಿ ಮಾಡ್ಸಾಕ ಅಲ್ಲ. ನಿಮ್ಮ ಸ್ಕೂಟಿಯಿಂದ ದಾರಿಮ್ಯಾಲ ಹೋಗೂ ಯಾರಿಗರೆ ಪೆಟ್ಟಾದ್ರ ಅವರಿಗೆ ಪರಿಹಾರ ಕೊಡಾಕ. ಅದಕ್ಕ ಸರಕಾರ ಅದನ್ನ ಕಡ್ಡಾಯ ಮಾಡೈತಿ. ಆಟದ ಸಾಮಾನಿಗೂ ಅಂಥಾದ್ದ ಒಂದು ಐತಿ, ಪ್ರಾಡಕ್ಟ್ ಲಯಾಬಿಲಿಟಿ ಇನ್ಶೂರನ್ಸ್ ಅಂತ. ನಮ್ಮ ಭಾಷಾದಾಗ ಹೊಣಿಗಾರಿಕಿ ವಿಮಾ ಅನ್ನೂಣು. ನಾವು ಮಾರಿದ ಸಾಮಾನಿನಿಂದ ಮಂದಿಗೆ ಪೆಟ್ಟಾದ್ರ, ಅವರು ನಮ್ಮ ಮ್ಯಾಲ ದಾವೆ ಹಾಕಿದ್ರ, ಪರಿಹಾರದ ರೊಕ್ಕ ಮತ್ತ ವಕೀಲರ ಖರ್ಚು ಪಾಲಿಸಿಯೊಳಗ ಬರದಷ್ಟರ ಮಟಾ ವಿಮಾ ಕಂಪನಿ ಕೊಡ್ತೈತಿ. ಇದು ಕಡ್ಡಾಯ ಅಲ್ಲ. ಕಡ್ಡಾಯ ಅಲ್ಲದ್ದು ಬೇಕಾಗಿಲ್ಲ ಅಂತ ಯಾರು ಹೇಳ್ಯಾರ?

ನಮ್ಮ ನಾದಿನಿ ಮಾತ ತಗೋರಿ. ನಾಕು ವರ್ಷದ ಹಿಂದ ಮಗ ದೊಡ್ಡಂವ ಆದ ಅಂತ ಅಟ್ಟದ ಮ್ಯಾಲಿನ ಎರಡು ಚೀಲ ಆಟಿಕಿ ಮಾರಿದ್ಲು. ಅದು ಸರಿ. ಆಮ್ಯಾಲ ಅಕ್ಕಪಕ್ಕದವರು ‘ನಮ್ಮದೂ ಮಾರಿ ಕೊಡ್ರಿ’ ಅಂದ್ರು. ಈಗ ಆಕಿ ಅಪಾರ್ಟಮೆಂಟ್‌ಗೆ ಹೋಗಿ ಚೀಲಗಟ್ಟಲೆ ತರ್ತಾಳ, ತೊಳೀತಾಳ, ಕೈ ಮುರದ ಗೊಂಬಿಗೆ ಕೈ ಅಂಟಸ್ತಾಳ, ಕವರ್ ಹಾಕಿ ಫೋಟೋ ತಗದು ಬುಧವಾರಕ್ಕೊಮ್ಮೆ ಶನಿವಾರಕ್ಕೊಮ್ಮೆ ಹಾಕ್ತಾಳ. ತಿಂಗಳಿಗೆ ನಾಕೈದು ಡಜನ್ ಸಾಮಾನು ಹೋಗ್ತಾವ. ಖರ್ಚು ತಗದು ಆರೇಳು ಸಾವಿರ ಉಳೀತೈತಿ. ಆ ರೊಕ್ಕದಾಗ ಮಗಳ ಫೀ ತುಂಬ್ಯಾಳ, ಅದಕ್ಕ ನನಗ ಅಭಿಮಾನ ಐತಿ. ಆದ್ರ ‘ಏನ್ ಮಾಡ್ತೀಯವಾ’ ಅಂತ ಯಾರರೆ ಕೇಳಿದ್ರ ‘ಏನಿಲ್ರಿ, ಮನ್ಯಾಗ ಇರ್ತೀನಿ, ಟೈಂಪಾಸ್’ ಅಂತಾಳ. ಮನಿಯ ಗಂಡಸ್ರೂ ಹಂಗ ಅಂತಾರ. ಅದ ಆರು ಸಾವಿರ ಗಂಡಸು ಗಳಿಸಿದ್ರ ಬಿಸಿನೆಸ್, ಹೆಂಗಸು ಗಳಿಸಿದ್ರ ಟೈಂಪಾಸ್!

ಕಾಯ್ದೆ ಮಾತ್ರ ಟೈಂಪಾಸ್ ಅಂತ ಬಿಡೂದಿಲ್ಲ. ನಮ್ಮ ಸೊಸಿ ಲಾ ಓದಾಕತ್ತಾಳ, ಆಕಿ ಪುಸ್ತಕ ತಗೊಂಡು ನಾ ಎರಡು ಮಧ್ಯಾಹ್ನ ಕುಂತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಇದರಾಗ ಹಳೇ ಕಾಯ್ದೆದಾಗ ಇಲ್ಲದ ಒಂದು ಹೊಸಾ ಅಧ್ಯಾಯ ಐತಿ, ಸಾಮಾನಿನಿಂದ ಆಗೂ ಹಾನಿಗೆ ಯಾರು ಹೊಣಿ ಅನ್ನೂದರ ಮ್ಯಾಲ. 2020ರ ಜುಲೈದಿಂದ ಜಾರಿ ಐತಿ. ಅದರಾಗ ‘ಮಾರುವವರು’ ಅಂದ್ರ ಯಾರು? ವ್ಯಾಪಾರದ ರೀತಿಯೊಳಗ ಸಾಮಾನು ಮಾರೂವವರು, ಹಂಚೂವವರು, ಪ್ಯಾಕ್ ಮಾಡೂವವರು, ರಿಪೇರಿ ಮಾಡೂವವರು ಎಲ್ಲಾರೂ. ಅಂಗಡಿ ಇರಬೇಕು, ಬೋರ್ಡ್ ಇರಬೇಕು, ಜಿಎಸ್‌ಟಿ ನಂಬರ್ ಇರಬೇಕು ಅಂತ ಅಲ್ಲಿ ಬರದಿಲ್ಲ. ಆನ್‌ಲೈನ್ ತಗೊಂಡಾಕೀನೂ ಗ್ರಾಹಕಳ ಅಂತ ಮಾತ್ರ ಬಿಡಿಸಿ ಬರದಾರ.

ಅದ ವರ್ಷ ಬಂದ ಇ-ಕಾಮರ್ಸ್ ನಿಯಮಗಳೊಳಗ ಗೆರಿ ಇನ್ನೂ ಚೊಕ್ಕ ಐತಿ. ಒಬ್ಬ ಮನಷ್ಯಾ ಸ್ವಂತಕ್ಕ ಅಂತ ಮಾಡೂ ವ್ಯವಹಾರಕ್ಕ ಆ ನಿಯಮ ಹತ್ತೂದಿಲ್ಲ, ಆದ್ರ ಅದು ನಿಯಮಿತವಾಗಿ, ಪದ್ಧತಿ ಪ್ರಕಾರ ನಡಿಯೂ ವ್ಯಾಪಾರ ಆಗಿರಬಾರದು. ಈಗ ನೀವ ಹೇಳ್ರಿ. ಕೂಸಿನ ಸೈಕಲ್ಲು ಒಮ್ಮೆ ಮಾರಿದಾಕಿ ಈ ಗೆರಿಯ ಆ ಕಡೆ. ಬುಧವಾರ-ಶನಿವಾರ ಮಾರೂ ನಮ್ಮ ನಾದಿನಿ ಈ ಕಡೆ. ನಮ್ಮ ಓಣ್ಯಾಗ ಈ ಕಡೆ ನಿಂತಾವ್ರ ಆರು ಮಂದಿ ಅದಾರ, ನಾ ಎಣಿಸೀನಿ.

ಮುಖ್ಯ ಮಾತು ಇನ್ನೂ ಮುಂದ ಐತಿ. ‘ಸಾಮಾನು ಮಾಡಿದ ಕಂಪನಿ ಬ್ಯಾರೆ, ನಾವು ಬರೇ ಮಾರಿದಾವ್ರು’ ಅಂತ ಎಲ್ಲಾರೂ ಅಂತಾರಲ್ಲ, ಅದಕ್ಕ ಉತ್ತರ ಕಾಯ್ದೆಯ 86ನೇ ಕಲಮಿನ್ಯಾಗ ಐತಿ. ಬರೇ ಮಾರಿದಾಕಿ ಯಾವಾಗ ಹೊಣಿ ಆಗ್ತಾಳ ಅಂತ ಅಲ್ಲಿ ಪಟ್ಟಿ ಮಾಡ್ಯಾರ. ಸಾಮಾನಿನೊಳಗ ಏನರೆ ಬದಲು ಮಾಡಿ, ಆ ಬದಲಿನಿಂದನ ಹಾನಿ ಆದ್ರ. ‘ಏನೂ ಆಗೂದಿಲ್ಲ, ಒಂದು ವರ್ಷದ ಕೂಸಿಗೂ ನಡೀತೈತಿ’ ಅಂತ ತಾನ ಬಾಯಿಬಿಟ್ಟು ಮಾತು ಕೊಟ್ಟಿದ್ರ. ಸಾಮಾನು ತಿರುಗಿಸಿ ಮುರುಗಿಸಿ ನೋಡೂ ಕಾಳಜಿ ಮಾಡದಿದ್ರ. ಕಂಪನಿಯವರು ಡಬ್ಬಿ ಮ್ಯಾಲ ಬರದ ಎಚ್ಚರಿಕಿ ತಗೊಳ್ಳೂವವರಿಗೆ ಮುಟ್ಟಿಸದಿದ್ರ. ಮತ್ತ, ಇದನ್ನ ಎರಡು ಸಲ ಓದ್ರಿ: ಸಾಮಾನು ಮಾಡಿದಾವ್ರು ಯಾರು ಅಂತ ಗೊತ್ತ ಇಲ್ಲದಿದ್ರ.

ಹಳೇ ಆಟಿಕಿ ಅಂದ್ರ ಏನ್ರಿ? ಡಬ್ಬಿ ಎಂದೋ ರದ್ದಿಗೆ ಹೋಗೈತಿ. ಸ್ಟಿಕ್ಕರ್ ಕೂಸು ಕಿತ್ತಿ ತಗದೈತಿ. ಎಚ್ಚರಿಕಿ ಬರದ ಚೀಟಿ ಯಾರೂ ಇಟಗೊಂಡಿಲ್ಲ. ಜಾತ್ರ್ಯಾಗ ತಂದದ್ದೋ, ಯಾರೋ ಹುಟ್ಟುಹಬ್ಬಕ್ಕ ಕೊಟ್ಟದ್ದೋ, ಮಾಡಿದಾವ್ರು ಯಾರು ಅಂತ ಬ್ರಹ್ಮಗೂ ಗೊತ್ತಿಲ್ಲ. ನಾವು ಅದಕ್ಕ ಫೆವಿಕ್ವಿಕ್ ಹಚ್ಚಿ, ಟೇಪ್ ಸುತ್ತಿ, ‘ಲೈಕ್ ನ್ಯೂ’ ಅಂತ ಬರದು ಮಾರತೀವಿ. ಆ ಪಟ್ಟಿಯೊಳಗಿನ ಒಂದೊಂದು ಮಾತೂ ನಮ್ಮನ್ನ ಎದುರಿಗೆ ಕುಂದ್ರಿಸಿಕೊಂಡ ಬರದಂಗ ಐತಿ. ‘ನೋ ಗ್ಯಾರಂಟಿ ಅಂತ ಬರದಿದ್ದಾಕಿಗೆ ಮಾಫಿ’ ಅಂತ ಮಾತ್ರ ಆ ಪಟ್ಟಿಯೊಳಗ ಎಲ್ಲೂ ಇಲ್ಲ.

ಖರೇ, ತಗೊಂಡಾಕಿನ ಸಾಮಾನು ಅಡ್ಡಾದಿಡ್ಡಿ ಬಳಸಿದ್ರ, ತಾನ ಬಿಚ್ಚಿ ಬದಲು ಮಾಡಿದ್ರ ಮಾರಿದಾಕಿ ಮ್ಯಾಲ ಬರಾಕ ಬರೂದಿಲ್ಲ ಅಂತನೂ ಮುಂದಿನ ಕಲಮಿನ್ಯಾಗ ಐತಿ. ಆದ್ರ ಅದನ್ನ ಹೇಳಾಕ ಆಯೋಗದ ಮುಂದ ನಿಂದ್ರಬೇಕು. ಅಲ್ಲಿ ನಿಲ್ಲೂದ ದೊಡ್ಡ ಖರ್ಚು. ತಗೊಂಡಾಕಿ ತಾ ಇದ್ದ ಊರಿನ ಜಿಲ್ಲಾ ಗ್ರಾಹಕರ ಆಯೋಗದೊಳಗ ದೂರು ಕೊಡಬಹುದು, ಎರಡು ವರ್ಷದ ತನಕಾ ಕೊಡಬಹುದು, ಸಾಮಾನಿಗೆ ಕೊಟ್ಟ ರೊಕ್ಕ 5 ಲಕ್ಷದ ಒಳಗಿದ್ರ ಆಕಿಗೆ ಫೀ ಇಲ್ಲ. ಇದು ಛಲೋ ಕಾನೂನು, ನಾವು ತಗೊಳ್ಳೂವಾಗ ನಮಗೂ ಇದ ಕಾಪಾಡೂದು. ಆದ್ರ ಮಾರೂವಾಗ ವಿಚಾರ ಮಾಡ್ರಿ: ಹುಬ್ಬಳ್ಳಿಯಿಂದ ಕೊರಿಯರ್ ಮಾಡಿದ ನೂರೈವತ್ತು ರೂಪಾಯಿ ಕಾರಿಗೆ ಕಲಬುರಗಿಗೆ ತಾರೀಖಿಗೆ ಓಡ್ಯಾಡೂದು.

‘ಆಟದ ಸಾಮಾನಿನಿಂದ ಅಂಥಾದ್ದೇನ ಆಗ್ತೈತ್ರಿ?’

ನಮ್ಮ ಹಿಂದಿನ ಓಣ್ಯಾಗ ಆದದ್ದು ಹೇಳ್ತೀನಿ. ಹೆಸರು ಬ್ಯಾಡ, ಎರಡೂ ಮನಿಯವರು ನನಗ ಬೇಕಾದಾವ್ರು. ಎರಡೂವರಿ ವರ್ಷದ ಕೂಸಿಗೆ ಲೈಟ್ ಹತ್ತೂ ಕಾರು ತಗೊಂಡ್ರು, ಹಳೇದು, 150 ರೂಪಾಯಿಗೆ. ಕೆಳಗ ಬ್ಯಾಟರಿ ಮುಚ್ಚಳದ ಸ್ಕ್ರೂ ಇರಲಿಲ್ಲ, ಟೇಪ್ ಹಚ್ಚಿದ್ರು. ಕೂಸು ಟೇಪ್ ಕಿತ್ತು ಒಳಗಿನ ಗುಂಡನ ಸೆಲ್ಲು ಬಾಯಾಗ ಹಾಕ್ಕೊಂಡಿತು. ಆ ತಾಯಿ ಪುಣ್ಯಾತಿಗಿತ್ತಿ, ಸೆಲ್ಲು ಕಾಣವಲ್ದು ಅಂತ ಕೂಡಲೆ ಗುರುತು ಹಿಡದ್ಲು. ಎಕ್ಸ್‌ರೇದಾಗ ಅನ್ನನಾಳದಾಗ ಸಿಕ್ಕೊಂಡಿದ್ದು ಕಂಡಿತು, ರಾತ್ರೋರಾತ್ರಿ ನಳಿಗಿ ಬಿಟ್ಟು ತಗದ್ರು. ಕೂಸು ಉಳೀತು. ಈ ಸೆಲ್ಲು ಬರೇ ನುಂಗಿದ ರೊಕ್ಕದ ಬಿಲ್ಲೆಯಂಗಲ್ಲ. ಹಸೀ ಮಾಂಸಕ್ಕ ತಾಗಿದ ಕೂಡಲೆ ಅದರಿಂದ ಕರೆಂಟ್ ಹರಿದು ಅಲ್ಲಿ ಸುಣ್ಣದ ನೀರಿನಂಥಾ ಖಾರ ಹುಟ್ಟತೈತಿ, ಎರಡು ತಾಸಿನ್ಯಾಗ ಅನ್ನನಾಳ ಸುಟ್ಟು ಗಾಯ ಆಗಬಹುದು.

ದವಾಖಾನಿ ಖರ್ಚು ಮೂವತ್ತೆಂಟು ಸಾವಿರ. ಕೂಸಿನ ಅಪ್ಪ ಕೇಳಾಕ ಹೋದಾಗ ಮಾರಿದಾಕಿ ಮೊಬೈಲ್ ತಗದು ಆ ಸಾಲು ತೋರಿಸಿದ್ಲು. ಆಕಿ ಕೆಟ್ಟಾಕಿ ಅಲ್ಲ. ಆಕಿ ಕಡೆ ಮೂವತ್ತೆಂಟು ಸಾವಿರ ಇರಲಿಲ್ಲ, ಅಷ್ಟ. ಇದ್ದಿದ್ರ ಕೊಡ್ತಿದ್ಲೇನೋ. ಅವರು ದೂರು ಕೊಡಲಿಲ್ಲ, ಮಾತು ಬಿಟ್ರು. ಈಗ ಎರಡು ಮನಿ ನಡುವ ಹೋಗಿ ಬರೂದಿಲ್ಲ, ಗೌರಿ ಹುಣ್ಣಿವಿಗೆ ಸಕ್ಕರಿ ಆರತಿ ಕೊಡೂದಿಲ್ಲ. ಇಲ್ಲಿ ವಿಮಾ ಇದ್ದಿದ್ರ ಏನಾಗ್ತಿತ್ತು? ಆ ಅಪ್ಪಗ ‘ಕಾಗದ ಕೊಡ್ರಿ, ಕಂಪನಿಗೆ ಕಳಸ್ತೀನಿ’ ಅಂತ ಹೇಳಾಕ ಆಕಿಗೆ ಒಂದು ಮುಖ ಇರ್ತಿತ್ತು.

ಕೆಲವರು ‘ನಮ್ಮ ಮನಿಗೆ ವಿಮಾ ಐತಲ್ಲ’ ಅಂತಾರ. ಭಾರತ ಗೃಹ ರಕ್ಷಾ ಅಂತ 2021ರಿಂದ ಎಲ್ಲಾ ಕಂಪನಿ ಮಾರೂ ಪಾಲಿಸಿ. ಅದು ನಿಮ್ಮ ಮನಿಗೆ ಬೆಂಕಿ ಬಿದ್ರ, ಮಳಿ ನೀರು ಹೊಕ್ಕರ, ಭೂಕಂಪ ಆದ್ರ. ನೀವು ಮಾರಿದ ಕಾರಿನ ಸೆಲ್ಲು ಮಂದಿ ಕೂಸಿನ ಹೊಟ್ಟಿಗೆ ಹೋದದ್ದಕ್ಕ ಅಲ್ಲ. ಹೆಸರು ಕೇಳಿ ಮೋಸ ಹೋಗೂ ಇನ್ನೊಂದು ಐತಿ, 1991ರ ಪಬ್ಲಿಕ್ ಲಯಾಬಿಲಿಟಿ ಕಾಯ್ದೆ. ಅದು ಭೋಪಾಲದ ವಿಷಗಾಳಿ ಆದಮ್ಯಾಲ ಬಂದದ್ದು, ಅಪಾಯದ ರಾಸಾಯನಿಕ ಇಟಗೊಳ್ಳೂ ಕಾರಖಾನಿಗೋಳಿಗೆ. ನಮಗಲ್ಲ.

ಇಷ್ಟ ಹೇಳಿ ನಾನೂ ನಾದಿನೀನೂ ಸುಮ್ಮನ ಕುಂದರಲಿಲ್ಲ, ಒಂದು ವಿಮಾ ಆಫೀಸಿಗೆ ಹೋದ್ವಿ. ಅಲ್ಲಿ ಕುಂತ ಸಾಹೇಬ್ರು ‘ಯಾವ ಪ್ರಾಡಕ್ಟ್’ ಅಂದ್ರು. ‘ಹಳೇ ಆಟದ ಸಾಮಾನು’ ಅಂದ್ವಿ. ‘ವರ್ಷದ ಟರ್ನ್‌ಓವರ್ ಎಷ್ಟು ಕೋಟಿ’ ಅಂದ್ರು. ನಾದಿನಿ ನನ್ನ ಮಾರಿ ನೋಡಿದ್ಲು, ನಾ ಆಕಿ ಮಾರಿ ನೋಡ್ದೆ. ‘ಒಂದು ಲಕ್ಷದ ಮ್ಯಾಲ ಸ್ವಲ್ಪ’ ಅಂದ್ಲು. ಅವರು ನಕ್ಕರು. ಕೆಟ್ಟದಾಗಿ ಅಲ್ಲ, ಕೂಸಿನ ಮಾತು ಕೇಳಿ ನಗೂಹಂಗ ನಕ್ಕು, ‘ಅಕ್ಕಾರ, ಅದೆಲ್ಲಾ ದೊಡ್ಡ ಕಂಪನಿಗೋಳಿಗೆ, ನೀವು ನಿಮ್ಮ ಹೆಸರಿಲೆ ಒಂದು ಆರೋಗ್ಯ ವಿಮಾ ಮಾಡಸ್ರಿ’ ಅಂತ ಬ್ರೋಷರ್ ಕೊಟ್ಟು ಕಳಿಸಿದ್ರು.

ನನ್ನ ಜಗಳ ಇಲ್ಲೆ ಶುರು ಆಗ್ತೈತಿ. ಕಾಯ್ದೆ ಮಾಡೂವಾಗ ದೊಡ್ಡ ಕಂಪನಿ, ಸಣ್ಣ ಹೆಣ್ಮಗಳು ಅಂತ ಭೇದ ಮಾಡಲಿಲ್ಲ, ಇಬ್ಬರನ್ನೂ ಒಂದ ಕಲಮಿನ್ಯಾಗ ಹಾಕಿದ್ರು. ವಿಮಾ ಮಾರೂವಾಗ ಮಾತ್ರ ನಾವು ಯಾರಿಗೂ ಕಾಣೂದಿಲ್ಲ. ಪ್ರಾಡಕ್ಟ್ ಲಯಾಬಿಲಿಟಿದಾಗ ಕಂತು ಲೆಕ್ಕ ಹಾಕೂದು ವಹಿವಾಟಿನ ಮ್ಯಾಲ, ಸಾಮಾನಿನ ಜಾತಿ ಮ್ಯಾಲ, ಎಷ್ಟು ಲಕ್ಷದ ಮಟಾ ಬೇಕು ಅನ್ನೂದರ ಮ್ಯಾಲ. ನಮ್ಮ ವಹಿವಾಟು ಸಣ್ಣದು ಅಂದ್ರ ಕಂತೂ ಸಣ್ಣದಾಗಬೇಕಲ್ಲ? ಆದ್ರ ಸಣ್ಣ ಕಂತಿನ ಸಲುವಾಗಿ ಕಾಗದ ಬರಿಯಾಕ ಅವರಿಗೆ ಪುರಸೊತ್ತಿಲ್ಲ. ಅದು ಖರೇನೂ ಇರಬಹುದು, ಒಬ್ಬಾಕಿ ಪಾಲಿಸಿಯಿಂದ ಅವರಿಗೆ ಚಹಾದ ಖರ್ಚೂ ಹುಟ್ಟಲಿಕ್ಕಿಲ್ಲ.

ಹಂಗಾದ್ರ ಒಬ್ಬಾಕಿಗೆ ಯಾಕ ಕೊಡ್ತೀರಿ, ಗುಂಪಿಗೆ ಕೊಡ್ರಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾಕ್ಕ ವರ್ಷಕ್ಕ 20 ರೂಪಾಯಿ ನಮ್ಮ ಬ್ಯಾಂಕ್ ಖಾತೆಯಿಂದ ಕಟ್ ಆಗ್ತೈತಿ, ಅಪಘಾತದಾಗ ಸತ್ರ 2 ಲಕ್ಷ. 20 ರೂಪಾಯಿಗೆ ಅದು ಹೆಂಗ ಪುರವಟ್ ಆಗ್ತೈತಿ? ಕೋಟಿಗಟ್ಟಲೆ ಮಂದಿ ಕೂಡ್ಯಾರ ಅಂತ. ನಮ್ಮ ರಾಜ್ಯದಾಗ ಊರೂರಿಗೆ ಸ್ತ್ರೀಶಕ್ತಿ ಸಂಘ ಅದಾವ, ಸಂಜೀವಿನಿ ಒಕ್ಕೂಟ ಅದಾವ, ಅವರ ಪುಸ್ತಕ ಅದಾವ, ವಾರಕ್ಕೊಮ್ಮೆ ಸಭಾ ಆಗ್ತೈತಿ. ಹಪ್ಪಳ ಮಾಡೂವವರು, ಉಪ್ಪಿನಕಾಯಿ ಮಾಡೂವವರು, ಗೊಂಬಿ ಹೊಲಿಯೂವವರು, ನಮ್ಮಂಗ ಹಳೇದು ಮಾರೂವವರು, ಎಲ್ಲಾರನ್ನೂ ಕೂಡಿಸಿ ಒಂದು ಮಾಸ್ಟರ್ ಪಾಲಿಸಿ ಮಾಡ್ರಿ. ಆಳಿಗೆ ವರ್ಷಕ್ಕ ಒಂದು ನಾಷ್ಟಾದ ರೊಕ್ಕ ಕೇಳ್ರಿ, ಕೊಡ್ತೀವಿ. 2025ರ ಸೆಪ್ಟೆಂಬರ್‌ದಾಗ ಸ್ವಂತದ ಜೀವ ವಿಮಾ, ಆರೋಗ್ಯ ವಿಮಾಕ್ಕ ಜಿಎಸ್‌ಟಿ ತಗದ್ರು, ಛಲೋ ಮಾಡಿದ್ರು. ಹೊಣಿಗಾರಿಕಿ ವಿಮಾಕ್ಕ ಶೇಕಡಾ 18 ಹಂಗ ಐತಿ. ಅದನ್ನೂ ಸಣ್ಣವರಿಗೆ ತಗೀರಿ.

ಮತ್ತ ಆ್ಯಪ್ ನಡಸೂ ಕಂಪನಿಗೋಳು! ನಮ್ಮ ಫೋಟೋದ ಬಾಜೂಕ ಜಾಹೀರಾತು ಹಾಕಿ ರೊಕ್ಕ ಮಾಡ್ಕೋತಾರ. ‘ಖರೀದಿದಾರರಿಗೆ ರಕ್ಷಣಾ’ ಅಂತ ದೊಡ್ಡ ಅಕ್ಷರದಾಗ ಬರದಿರ್ತೈತಿ, ಒಳಗ ಹೋಗಿ ಓದಿದ್ರ ಸಾಮಾನು ಬರದಿದ್ರ ರೊಕ್ಕ ವಾಪಸ್ ಅಂತ ಅಷ್ಟ. ಕೂಸಿನ ಗಂಟಲಿನ ಮಾತು ಅದರಾಗ ಇಲ್ಲ.

ನನ್ನ ಮಾತಿಗೆ ನಮ್ಮವರ ಅಡ್ಡಿ ತಗೀತಾರ. ನಮ್ಮ ಮಾವಶಿ ಅಂದ್ಲು, ‘ಸುಳ್ಳ ಆಸೆ ಹಚ್ಚಬ್ಯಾಡ, ವಿಮಾ ಐತಿ ಅಂತ ಗೊತ್ತಾದ್ರ ಮಂದಿ ತರಚಿದ್ದಕ್ಕೂ ರೊಕ್ಕ ಕೇಳ್ತಾರ.’ ಕೇಳಲಿ. ಕೇಳಿದವರಿಗೆಲ್ಲಾ ಕೊಡಾಕ ಕಂಪನಿಯವರು ದಡ್ಡರಲ್ಲ, ಅವರು ಸರ್ವೆ ಮಾಡ್ತಾರ, ವಕೀಲರನ್ನ ಇಡ್ತಾರ, ಮೊದಲಿನ ಸ್ವಲ್ಪ ಭಾರ ನಮ್ಮ ಮ್ಯಾಲ ಹಾಕೇ ಹಾಕ್ತಾರ. ಇನ್ನೊಬ್ಬರು ಅಂದ್ರು, ‘ಹಿಂಗೆಲ್ಲಾ ಹೆದರಿಸಿದ್ರ ಮಾರೂದ ಬಿಡ್ತಾರ, ಬಡವರ ಮಕ್ಕಳಿಗೆ ಅಗ್ಗದ ಆಟಿಕಿ ಸಿಗೂದಿಲ್ಲ.’ ಈ ಮಾತು ನನಗ ಭಾಳ ಕಾಡಿತು. ಖರೇನ, ನಮ್ಮ ಗಿರಾಕಿ ಭಾಳ ಮಂದಿ ಹೊಸಾದು ತಗೊಳ್ಳಾಕ ಆಗದಾವ್ರ. ಭಾಂಡಿ ತಿಕ್ಕಾಕ ಬರೂ ಹೆಣ್ಮಗಳು 50 ರೂಪಾಯಿ ಕೊಟ್ಟು ಮೊಮ್ಮಗಗ ರೈಲು ಒಯ್ತಾಳ. ಆದ್ರ ಅದಕ್ಕ ನಾ ಹೇಳೂದು. ಹೊಸಾ ಆಟಿಕಿ ಮ್ಯಾಲ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ ಆತು, ಹದಿನಾಕು ವರ್ಷದ ಒಳಗಿನ ಮಕ್ಕಳ ಆಟಿಕಿಗೆ. ಅಂಗಡಿಯಿಂದ ತಗೊಳ್ಳೂವವರ ಮಕ್ಕಳಿಗೆ ಅಷ್ಟರ ಕಾವಲು ಐತಿ. ನಮ್ಮ ಅಟ್ಟದಿಂದ ಇಳಿಯೂದು ಅದಕ್ಕಿಂತ ಹಳೇ ಸಾಮಾನು, ಗುರುತಿಲ್ಲದ್ದು. 50 ರೂಪಾಯಿ ಕೊಟ್ಟಾಕಿ ಮೊಮ್ಮಗನ ಗಂಟಲೂ ಅಷ್ಟ ಮೆತ್ತಗ ಇರ್ತೈತಿ. ಆಕಿ ಕಡೆ ದವಾಖಾನಿ ರೊಕ್ಕ ಎಲ್ಲಾರಕಿಂತ ಕಡಿಮಿ. ವಿಮಾ ಎಲ್ಲಾರಕಿಂತ ಮೊದಲ ಬೇಕಾದದ್ದು ಆಕಿ ಸಲುವಾಗಿ.

ಮೊದಲ ನಾವು ಆಟಿಕಿ ಮಾರ್ತಿದ್ದಿಲ್ಲ, ಕೊಡ್ತಿದ್ವಿ. ತೊಟ್ಟಿಲ, ನಡಿಗಿ ಗಾಡಿ, ಗೋಕಾಕದ ಬಣ್ಣದ ಕಟಗಿ ಹಣ್ಣು ಒಂದು ಮನಿಯಿಂದ ಇನ್ನೊಂದು ಮನಿಗೆ ಹೋಗ್ತಿದ್ವು. ಆಗ ಕೂಸು ಯಾರದು, ಎಷ್ಟು ತಿಂಗಳದು, ಎಲ್ಲಾ ಬಾಯಾಗ ಹಾಕ್ಕೊಳ್ಳೂದೇನು ಅಂತ ಕೊಟ್ಟಾಕಿಗೆ ಗೊತ್ತಿರ್ತಿತ್ತು. ಈಗ ಗೊತ್ತಿಲ್ಲದ ಊರಿಗೆ, ಗೊತ್ತಿಲ್ಲದ ಕೂಸಿಗೆ ಕೊರಿಯರ್ ಮಾಡ್ತೀವಿ. ರೊಕ್ಕ ತಗೊಂಡೀವಿ, ಹೊಣೀನೂ ತಗೋಬೇಕು.

ವಿಮಾ ಬಂದ್ರ ಕಣ್ಣು ಮುಚ್ಚಿ ಮಾರಬಹುದು ಅಂತ ತಿಳೀಬ್ಯಾಡ್ರಿ. ಬೇಕಂತ ಕಾಯ್ದೆ ಮುರದಾಕಿಗೆ ಯಾವ ಪಾಲಿಸೀನೂ ರೊಕ್ಕ ಕೊಡೂದಿಲ್ಲ. ನಾದಿನಿ ಮನ್ಯಾಗ ಈಗ ನನ್ನ ದಬ್ಬಾಳಿಕಿ ನಡದೈತಿ. ಸ್ಕ್ರೂ ಇಲ್ಲದ ಬ್ಯಾಟರಿ ಮುಚ್ಚಳ ಕಂಡ್ರ ಆ ಸಾಮಾನು ಸೀದಾ ಕಸಕ್ಕ, ಸೆಲ್ಲು ಬ್ಯಾರೆ ತಗದು. ಸಣ್ಣ ಸಣ್ಣ ಅಯಸ್ಕಾಂತದ ಗುಂಡು ಇದ್ದದ್ದೂ ಹಂಗ, ಎರಡು ನುಂಗಿದ್ರ ಕರಳಿನ ಎರಡು ಸುತ್ತಿನ ನಡುವ ಒಂದಕ್ಕೊಂದು ಹಿಡಕೊಂಡು ತೂತು ಬೀಳಸ್ತಾವ. ರಟ್ಟಿನ್ಯಾಗ 32 ಮಿಲಿಮೀಟರ್ ಅಗಲದ ತೂತು ಕೊರದು ಇಟ್ಟೀವಿ, ಹತ್ತು ರೂಪಾಯಿ ಬಿಲ್ಲೆಗಿಂತ ಒಂದೀಟ ದೊಡ್ಡದು. ಅದರಾಗ ಪಾರಾಗೂ ಬಿಡಿ ಸಾಮಾನು ಇದ್ರ ‘ಮೂರು ವರ್ಷದ ಒಳಗಿನ ಕೂಸಿಗೆ ಕೊಡಬ್ಯಾಡ್ರಿ’ ಅಂತ ಮೆಸೇಜಿನ್ಯಾಗ ಮ್ಯಾಲ ಬರೀಬೇಕು, ಕೆಳಗ ಅಲ್ಲ. ಐಎಸ್‌ಐ ಗುರುತಿನ ಕೂಡ ಲೈಸೆನ್ಸ್ ನಂಬರ್ ಇದ್ರ ಬಿಐಎಸ್ ಕೇರ್ ಆ್ಯಪಿನ್ಯಾಗ ಹಾಕಿ ಮಾಡಿದಾವ್ರ ಹೆಸರು ಬರದಿಡ್ತಾಳ. ‘ಮಾಡಿದಾವ್ರು ಗೊತ್ತಿಲ್ಲ’ ಅನ್ನೂ ಕಲಮಿನಿಂದ ಅಷ್ಟರ ದೂರ ಇರಬೇಕಲ್ಲ. ಪ್ರತಿ ಸಾಮಾನು ಮಾರೂ ಮೊದಲ ಅಡಿಭಾಗದ ಫೋಟೋ ಒಂದು, ಯಾರಿಗೆ ಮಾರಿದ್ಲು ಅನ್ನೂದು ನೋಟಬುಕ್ಕಿನ್ಯಾಗ. ನಾಳೆ ವಿಮಾದವರು ಕೇಳೂದೂ ಇದನ್ನ, ಆಯೋಗದವರು ಕೇಳೂದೂ ಇದನ್ನ.

ನೀವೂ ವಿಮಾ ಆಫೀಸಿಗೆ ಹೋಗೂದಿದ್ರ ಬರೇ ‘ಪಬ್ಲಿಕ್ ಲಯಾಬಿಲಿಟಿ’ ಅಂತ ಕೇಳಬ್ಯಾಡ್ರಿ, ‘ಪ್ರಾಡಕ್ಟ್’ ಅನ್ರಿ. ‘ಬಳಸಿದ ಸಾಮಾನಿಗೂ ಹತ್ತತೈತಿ’ ಅಂತ ಬಾಯಿಲೆ ಅಂದ್ರ ಸಾಲದು, ಪಾಲಿಸಿಯೊಳಗ ಬರಸ್ರಿ. ಇಂಥಾ ಪಾಲಿಸಿಯೊಳಗ ಸಾಮಾನ್ಯವಾಗಿ ಪಾಲಿಸಿ ಚಾಲೂ ಇದ್ದಾಗ ಬಂದ ದೂರಿಗೆ ಅಷ್ಟ ರೊಕ್ಕ, ಹಂಗಾಗಿ ಮಾರೂದು ಬಿಟ್ಟ ಮರುದಿನನ ಪಾಲಿಸಿ ಬಿಟ್ರ ಹಿಂದ ಮಾರಿದ್ದಕ್ಕ ಯಾರೂ ಇಲ್ಲ. ವಕೀಲರ ಖರ್ಚು ಆ ಮೊತ್ತದ ಒಳಗೋ ಹೊರಗೋ ಅಂತ ಕೇಳ್ರಿ. ದೂರು ಬಂದ ದಿನನ ಅವರಿಗೆ ತಿಳಸ್ರಿ, ಅವರಿಗೆ ಹೇಳದ ‘ತಪ್ಪು ನಂದ’ ಅಂತ ಯಾರಿಗೂ ಬರದು ಕೊಡಬ್ಯಾಡ್ರಿ.

ಬರೂ ಸೋಮವಾರ ನಾವು ಹನ್ನೊಂದು ಮಂದಿ ಕೂಡಿ ಅದ ಆಫೀಸಿಗೆ ಹೊಂಟೀವಿ, ಗುಂಪು ಪಾಲಿಸಿ ಬೇಕು ಅಂತ ಅರ್ಜಿ ಬರದು. ಕೊಡೂದಿಲ್ಲ ಅಂದ್ರ ಕೊಡೂದಿಲ್ಲ ಅಂತ ಸಹಿ ಮಾಡಿ ಕೊಡಲಿ, ಅದನ್ನ ತಗೊಂಡು ಮ್ಯಾಲಿನ ಆಫೀಸಿಗೆ ಹೋಗ್ತೀವಿ. ಮಂಗಳವಾರ ಪ್ಯಾಟಿಯ ವೈನ್ಯಾರು ಇಬ್ಬರು ಬರ್ತೀನಿ ಅಂದಾರ. ಇನ್ನೂ ಬರೂವವರಿದ್ರ ಆಧಾರ್ ಕಾರ್ಡಿನ ಝೆರಾಕ್ಸ್, ಹೋದ ವರ್ಷದ ಮಾರಾಟದ ಲೆಕ್ಕ ತಗೊಂಡು ಹತ್ತೂವರಿಗೆ ನಮ್ಮ ಮನಿಗೆ ಬರ್ರಿ. ಲೆಕ್ಕ ಇಡದಾವ್ರು ಮೊಬೈಲಿನ್ಯಾಗಿನ ಯುಪಿಐ ಪಟ್ಟಿ ತಗೀರಿ, ಕುಂತು ಬರಿಯೂಣು. ಅವಲಕ್ಕಿ ನಾ ಹಚ್ಚಿ ಇಟ್ಟಿರ್ತೀನಿ.